ದನದ ಡಾಕ್ಟರು ತುಂಬಿದ ಗಾಳಿ

ಬೆಳಿಗ್ಗೆ ಎಂಟರ ಕ್ಲಾಸಿಗೆ ಇನ್ನೈದೇ ನಿಮಿಷ. ಹಾಸ್ಟೆಲ್ ಸ್ಟ್ಯಾಂಡಿನಿಂದ ಸೈಕಲ್ ಎಳೆದರೆ ಹಿಂದಿನ ಚಕ್ರ ನೆಲಕ್ಕೆ ಅಂಟಿ ಕೂತಿದೆ. ಈ ಅನುಭವ ಆಗದವರು ನಮ್ಮಲ್ಲಿ ಕಡಿಮೆ. ತಳ್ಳಿಕೊಂಡು ಪಂಚರ್ ಅಂಗಡಿಗೆ ಹೋದರೆ ಅದೇ ನೀರಿನ ಬಾಣಲೆ, ಅದೇ ಗುಳ್ಳೆ, ಟ್ಯೂಬ್ ಉಜ್ಜೋ ಅರ, ಸೊಲ್ಯೂಷನ್, ಒಂದು ತುಂಡು ರಬ್ಬರು. ಕಾಯ್ತಾ ನಿಂತವರ ತಲೆಗೆಲ್ಲ ಬರುವ ಪ್ರಶ್ನೆ ಒಂದೇ. ಚಂದ್ರನ ಮೇಲೆ ಗಾಡಿ ಇಳಿಸಿದ್ದಾರೆ, ಪಂಚರ್ರೇ ಆಗದ ಸೈಕಲ್ ಟೈರ್ ಮಾಡೋಕೆ ಯಾಕೆ ಆಗಲ್ಲ?

ಮಾಡಿದ್ದರು! ಮೊದಲು ಇದ್ದದ್ದೇ ಅದು. 1880ರ ದಶಕದ ಸೈಕಲ್ಲುಗಳಿಗೆ ಗಟ್ಟಿ ರಬ್ಬರಿನ ಟೈರು. ಮೊಳೆ ಹೊಕ್ಕರೂ ಅದಕ್ಕೆ ಚಿಂತೆ ಇರಲಿಲ್ಲ, ಯಾಕೆಂದರೆ ಒಳಗೆ ಗಾಳಿಯೇ ಇರಲಿಲ್ಲ. ಅದನ್ನು ಕಿತ್ತುಹಾಕಿ, ಒಂದು ಮುಳ್ಳು ಚುಚ್ಚಿದರೆ ಮಲಗಿಬಿಡುವ ಟೈರನ್ನು ಬಳಕೆಗೆ ತಂದವರು ಒಬ್ಬ ದನದ ಡಾಕ್ಟರು. ಜಗತ್ತು ಅದನ್ನು ಖುಷಿಯಿಂದಲೇ ಒಪ್ಪಿಕೊಂಡಿತು. ಯಾಕೆ ಅಂತ ಅರ್ಥ ಮಾಡಿಕೊಂಡರೆ ಇವತ್ತು ಅಂಗಡಿಯಲ್ಲಿ ಯಾವ ಟೈರ್ ತಗೋಬೇಕು ಅನ್ನುವ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ.

ಜಾನ್ ಬಾಯ್ಡ್ ಡನ್ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಏರ್‌ಶೈರ್ ಸೀಮೆಯ ಡ್ರೆಗ್‌ಹಾರ್ನ್ ಎಂಬ ಹಳ್ಳಿಯಲ್ಲಿ. ಬೇಸಾಯದ ಮನೆತನ. ದಿನ ತುಂಬುವುದಕ್ಕೆ ಎರಡು ತಿಂಗಳು ಮೊದಲೇ ಹುಟ್ಟಿದ ಕೂಸು ಎಂದು ಹೆತ್ತವರು ಹೇಳಿದ್ದು ಹುಡುಗನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ತಮ್ಮ ಆರೋಗ್ಯ ಬಹಳ ನಾಜೂಕು ಎಂದು ನಂಬಿಕೊಂಡೇ ಅವರು ಜೀವನಪೂರ್ತಿ ಹುಷಾರಾಗಿ ಬದುಕಿದರು. ತಮಾಷೆ ಅಂದ್ರೆ, ಎಂಬತ್ತೊಂದು ವರ್ಷ ಬಾಳಿದ ಆ ಮನುಷ್ಯನಿಗೆ ಕೊನೆಯ ದಿನಗಳವರೆಗೆ ದೊಡ್ಡ ಕಾಯಿಲೆ ಅಂತ ಒಂದೂ ಬರಲಿಲ್ಲ.

ಎಡಿನ್‌ಬರೋದಲ್ಲಿ ಪಶುವೈದ್ಯ ಓದಿ ಮುಗಿಸಿದಾಗ ಡನ್ಲಪ್‌ಗೆ ಹತ್ತೊಂಬತ್ತು ವರ್ಷ. ಕೆಲವು ವರ್ಷ ಸ್ಕಾಟ್ಲೆಂಡಿನಲ್ಲೇ ಕೆಲಸ ಮಾಡಿ 1867ರಲ್ಲಿ ಸಮುದ್ರ ದಾಟಿ ಐರ್ಲೆಂಡಿಗೆ ಬಂದರು. ಮೊದಲು ಡೌನ್‌ಪ್ಯಾಟ್ರಿಕ್ ಎಂಬ ಊರಲ್ಲಿ ಸಹೋದರನ ಜೊತೆ ಚಿಕಿತ್ಸಾಲಯ, ಆಮೇಲೆ ಬೆಲ್‌ಫಾಸ್ಟ್ ನಗರದ ಮೇ ಸ್ಟ್ರೀಟಿನಲ್ಲಿ ಸ್ವಂತದ್ದು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಜೊತೆ ಮದುವೆ, ಒಬ್ಬ ಮಗಳು, ಒಬ್ಬ ಮಗ. ಟ್ರಾಮು, ಸಾಮಾನಿನ ಬಂಡಿ, ಸಾರೋಟು ಎಲ್ಲವನ್ನೂ ಕುದುರೆ ಎಳೆಯುತ್ತಿದ್ದ ಕಾಲ ಅದು, ಹಾಗಾಗಿ ಪಶುವೈದ್ಯರಿಗೆ ಕೈತುಂಬ ಕೆಲಸ. 1880ರ ದಶಕದ ಮಧ್ಯದ ಹೊತ್ತಿಗೆ ಅವರದು ಐರ್ಲೆಂಡಿನ ದೊಡ್ಡ ಚಿಕಿತ್ಸಾಲಯಗಳಲ್ಲಿ ಒಂದಾಗಿತ್ತು. ಅಂದರೆ ಟೈರ್ ಕಂಡುಹಿಡಿದಾಗ ಅವರೇನು ಗ್ಯಾರೇಜಿನಲ್ಲಿ ಒದ್ದಾಡುತ್ತಿದ್ದ ಬಡ ಯುವಕ ಅಲ್ಲ. ನಲವತ್ತೇಳು ವರ್ಷದ, ಗಡ್ಡ ಬಿಟ್ಟ, ಗಂಭೀರ, ಊರಲ್ಲಿ ಹೆಸರು ಮಾಡಿದ ಡಾಕ್ಟರು.

1887. ಮಗ ಜಾನಿಗೆ ಒಂದು ಟ್ರೈಸಿಕಲ್ ಇತ್ತು. ಬೆಲ್‌ಫಾಸ್ಟಿನ ಬೀದಿಗಳಿಗೆ ಹಾಸಿದ್ದು ಕಡೆದ ಕಲ್ಲು. ಗಟ್ಟಿ ಟೈರಿನ ಚಕ್ರ ಆ ಕಲ್ಲುಗಳ ಮೇಲೆ ಉರುಳಿದರೆ ಹಲ್ಲು ಕಟಕಟ ಅನ್ನುತ್ತಿತ್ತು. ಮಗನಿಗೆ ಸ್ವಲ್ಪ ಆರಾಮ ಸಿಗಲಿ, ಇನ್ನೂ ಸ್ವಲ್ಪ ಜೋರಾಗಿ ಓಡಿಸಲಿ ಎನ್ನುವುದು ಅಪ್ಪನ ಆಸೆ. ಅಷ್ಟೇ ಇದ್ದದ್ದು ಪ್ರಾಬ್ಲಂ ಸ್ಟೇಟ್‌ಮೆಂಟ್.

ಡನ್ಲಪ್ ಸುಮಾರು 96 ಸೆಂಟಿಮೀಟರ್ ಅಗಲದ ಒಂದು ಮರದ ಬಿಲ್ಲೆ ಮಾಡಿದರು. ತೆಳ್ಳನೆಯ ರಬ್ಬರ್ ಹಾಳೆಯಿಂದ ಕೊಳವೆ ಮಾಡಿ, ಫುಟ್‌ಬಾಲಿಗೆ ಗಾಳಿ ಹೊಡೆಯುವ ಪಂಪಿನಿಂದ ಊದಿಸಿ, ಬಟ್ಟೆ ಸುತ್ತಿ ಬಿಲ್ಲೆಯ ಅಂಚಿಗೆ ಕೂರಿಸಿದರು. ಆಮೇಲೆ ಮಾಡಿದ ಪ್ರಯೋಗ ನಮ್ಮ ಫಸ್ಟ್ ಇಯರ್ ಲ್ಯಾಬಿನಲ್ಲೂ ಮಾಡಬಹುದಾದಷ್ಟು ಸರಳ. ಮನೆಯಂಗಳದಲ್ಲಿ ಈ ಗಾಳಿ ಚಕ್ರವನ್ನೂ ಟ್ರೈಸಿಕಲ್ಲಿನ ಮಾಮೂಲಿ ಚಕ್ರವನ್ನೂ ಜೊತೆಗೆ ಉರುಳಿಸಿದರು. ಮಾಮೂಲಿ ಚಕ್ರ ಸ್ವಲ್ಪ ದೂರ ಹೋಗಿ ಬಿದ್ದಿತು. ಗಾಳಿ ಚಕ್ರ ಅಂಗಳ ದಾಟಿ ಗೇಟಿನ ಕಂಬಕ್ಕೆ ಹೊಡೆದು ವಾಪಸ್ ಪುಟಿಯಿತು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಮೆತ್ತಗಿರುವ ಚಕ್ರ ಆರಾಮ ಕೊಡುತ್ತದೆ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಆದರೆ ಮೆತ್ತಗಿರುವುದು ದೂರವೂ ಹೋಯಿತಲ್ಲ, ಅದು ಹೇಗೆ? ಗಟ್ಟಿ ಚಕ್ರಕ್ಕೆ ಒಂದು ಕಲ್ಲು ಅಡ್ಡ ಬಂದರೆ ಇಡೀ ಚಕ್ರ, ಅದರ ಮೇಲಿನ ಭಾರ ಎಲ್ಲ ಮೇಲಕ್ಕೆ ನೆಗೆಯಬೇಕು. ಮುಂದೆ ಹೋಗಬೇಕಾದ ಶಕ್ತಿ ಮೇಲೆ ಕೆಳಗೆ ಕುಣಿಯುವುದರಲ್ಲಿ ಕಳೆದುಹೋಗುತ್ತದೆ. ಗಾಳಿ ಟೈರು ಹಾಗಲ್ಲ. ಕಲ್ಲು ಇರುವ ಜಾಗದಲ್ಲಿ ಮಾತ್ರ ತಾನು ಒಳಕ್ಕೆ ತಗ್ಗಿ, ದಾಟಿದ ಮೇಲೆ ಮತ್ತೆ ಉಬ್ಬುತ್ತದೆ. ದಪ್ಪ ರಬ್ಬರನ್ನು ಅಮುಕಿ ಬಿಟ್ಟರೆ ಅಮುಕಿದ ಶಕ್ತಿಯಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಅದನ್ನೇ ನಾವು ಹಿಸ್ಟರಿಸಿಸ್ ಅಂತ ಓದೋದು. ಗಾಳಿಯನ್ನು ಅಮುಕಿ ಬಿಟ್ಟರೆ ಹೆಚ್ಚೂಕಡಿಮೆ ಕೊಟ್ಟಷ್ಟೂ ವಾಪಸ್ ಬರುತ್ತದೆ. ಆದ್ದರಿಂದ ಗೋಡೆ ತೆಳ್ಳಗಿದ್ದು ಒಳಗೆ ಗಾಳಿ ತುಂಬಿದ್ದಷ್ಟೂ ಟೈರು ಹಗುರವಾಗಿ ಓಡುತ್ತದೆ. ಮತ್ತು ಗೋಡೆ ತೆಳ್ಳಗಾದಷ್ಟೂ ಮುಳ್ಳಿಗೆ ಕೆಲಸ ಸುಲಭ. ಒಂದೇ ಗುಣದ ಎರಡು ಮುಖ ಇವು. ಆ ಗೇಟಿನ ಕಂಬಕ್ಕೆ ಚಕ್ರ ಹೊಡೆದ ಗಳಿಗೆಯಲ್ಲೇ ಪಂಚರ್ ಕೂಡ ಹುಟ್ಟಿತು ಅನ್ನಬಹುದು.

ಡನ್ಲಪ್ ಟ್ರೈಸಿಕಲ್ಲಿನ ಹಿಂದಿನ ಎರಡೂ ಚಕ್ರಗಳಿಗೆ ಗಾಳಿ ಟೈರು ಹಾಕಿದರು, ಆಮೇಲೆ ದೊಡ್ಡ ಸೈಕಲ್ಲಿಗೆ. 1888ರ ಜುಲೈ 23ರಂದು ಪೇಟೆಂಟ್ ಅರ್ಜಿ, ಅದೇ ಡಿಸೆಂಬರ್ 7ರಂದು ಮಂಜೂರು. ಅಗಲವಾದ ಆ ಟೈರು ನೋಡಿದವರು ಮೊದಲು ನಕ್ಕರು. ನಗು ನಿಂತದ್ದು 1889ರ ಮೇ 18ರಂದು. ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟ. ವಿಲ್ಲಿ ಹ್ಯೂಮ್ ಎಂಬ ಸ್ಥಳೀಯ ಸೈಕಲ್ ಸವಾರ ಡನ್ಲಪ್ ಟೈರು ಹಾಕಿಕೊಂಡು ಬಂದು ತಾನು ಇಳಿದ ನಾಲ್ಕೂ ರೇಸು ಗೆದ್ದ. ಒಂದು ಕಾಲೇಜ್ ಫೆಸ್ಟಿನಲ್ಲಿ ಜಗತ್ತಿನ ಟೈರ್ ಉದ್ಯಮದ ದಿಕ್ಕು ಬದಲಾಯಿತು ಅಂದರೆ ತಪ್ಪಿಲ್ಲ.

ಸೋತವರ ಸಾಲಿನಲ್ಲಿ ಹಾರ್ವೆ ಡು ಕ್ರಾಸ್ ಎಂಬ ಡಬ್ಲಿನ್ ವ್ಯಾಪಾರಿಯ ಮಕ್ಕಳಿದ್ದರು. ಮಕ್ಕಳು ಸೋತದ್ದಕ್ಕೆ ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ, ಟೈರು ನೋಡಿದರು. ಅದೇ ವರ್ಷ ಡಬ್ಲಿನ್‌ನಲ್ಲಿ ಕಂಪನಿ ಶುರುವಾಯಿತು. ಡನ್ಲಪ್ ತಮ್ಮ ಪೇಟೆಂಟನ್ನು ಅದಕ್ಕೆ ಬರೆದುಕೊಟ್ಟು ಷೇರುದಾರರಾದರು.

ಆಮೇಲೆ ಬಿತ್ತು ಏಟು. ಪೇಟೆಂಟ್ ಕೈಗೆ ಬಂದು ಎರಡು ವರ್ಷಕ್ಕೆ ಅದು ಊರ್ಜಿತವಲ್ಲ ಎಂಬ ತಿಳುವಳಿಕೆ ಬಂತು. ಕಾರಣ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು ಇದನ್ನೇ 1845ರಲ್ಲಿ ಪೇಟೆಂಟ್ ಮಾಡಿಸಿದ್ದರು. ಆಗ ಡನ್ಲಪ್ ಐದು ವರ್ಷದ ಮಗು! ಥಾಮ್ಸನ್ ಅವರ ಟೈರಿನಲ್ಲಿ ಒಳಗೆ ರಬ್ಬರ್ ಲೇಪಿಸಿದ ಬಟ್ಟೆಯ ಕೊಳವೆ, ಹೊರಗೆ ಚರ್ಮ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಸಾರೋಟುಗಳಿಗೆ ಹಾಕಿ ತೋರಿಸಿಯೂ ಇದ್ದರು. ಒಂದು ಜೊತೆ ಟೈರು 1,200 ಮೈಲಿ ಓಡಿತ್ತು. ಆದರೆ ತೆಳ್ಳನೆಯ ಒಳ್ಳೆ ರಬ್ಬರು ಆಗ ದುಬಾರಿ, ಹಗುರವಾದ ಸೈಕಲ್ ಇನ್ನೂ ಬಂದಿರಲಿಲ್ಲ. ಕೊಳ್ಳುವವರಿಲ್ಲದೆ ಐಡಿಯಾ ಮೂಲೆಗೆ ಬಿತ್ತು. ಮುಂದೆ ಉಗಿ ಎಂಜಿನ್ ಗಾಡಿಗಳನ್ನು ಮಾಡಿದ ಥಾಮ್ಸನ್ ಅವುಗಳಿಗೆ ಹಾಕಿದ್ದು ಗಟ್ಟಿ ರಬ್ಬರಿನ ಟೈರನ್ನೇ. 1873ರಲ್ಲಿ, ಐವತ್ತೊಂದನೆಯ ವಯಸ್ಸಿಗೆ ಮುಂಚೆಯೇ ಅವರು ತೀರಿಕೊಂಡರು.

ಡನ್ಲಪ್ ಕದ್ದರೇ? ಇಲ್ಲ. ಥಾಮ್ಸನ್ ಹೆಸರು ಆಗ ಯಾರ ಬಾಯಲ್ಲೂ ಇರಲಿಲ್ಲ, ಇವರು ತಮ್ಮಷ್ಟಕ್ಕೆ ತಾವೇ ಕಂಡುಕೊಂಡದ್ದು. ಹಾಗಂತ ಪೇಟೆಂಟ್ ಕಾನೂನು ಯಾರ ಮನಸ್ಸನ್ನೂ ನೋಡುವುದಿಲ್ಲ, ತಾರೀಕು ನೋಡುತ್ತದೆ. ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ಲಿಟರೇಚರ್ ಸರ್ವೆ ಅಧ್ಯಾಯವನ್ನು ಕೊನೇ ರಾತ್ರಿ ಕಾಪಿ ಪೇಸ್ಟ್ ಮಾಡುವವರು ಈ ಪ್ಯಾರಾವನ್ನು ಇನ್ನೊಂದು ಸಲ ಓದಿಕೊಳ್ಳಿ.

ಕಂಪನಿ ಮುಳುಗಬೇಕಿತ್ತು, ಮುಳುಗಲಿಲ್ಲ. ಉಳಿಸಿದ್ದು ಯಾವುದು ಗೊತ್ತೇ? ಪಂಚರ್ ಸಮಸ್ಯೆ! ಡನ್ಲಪ್ ಅವರ ಮೊದಲ ಟೈರುಗಳನ್ನು ಕ್ಯಾನ್ವಾಸ್ ಬಟ್ಟೆ ಸುತ್ತಿ ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಈಜಿಪ್ಟಿನ ಮಮ್ಮಿಗೆ ಬಟ್ಟೆ ಸುತ್ತಿದ ಹಾಗೆ. ಪಂಚರ್ ಆದರೆ ಎಲ್ಲ ಬಿಚ್ಚಿ, ತೇಪೆ ಹಾಕಿ, ಮತ್ತೆ ಅಂಟಿಸಿ, ಅಂಟು ಒಣಗುವವರೆಗೆ ಗಂಟೆಗಟ್ಟಲೆ ಕಾಯಬೇಕು. ಪಂಚರನ್ನು ತಡೆಯಲು ಆಗದಿದ್ದರೆ ಹೋಗಲಿ, ಬೇಗ ರಿಪೇರಿಯಾದರೂ ಆಗಬೇಕಲ್ಲ? 1890ರಲ್ಲಿ ಚಾರ್ಲ್ಸ್ ವೆಲ್ಚ್ ಅಂಚಿನಲ್ಲಿ ತಂತಿ ಇರುವ ಟೈರನ್ನೂ ಅದು ಕೂರುವ ತಗ್ಗಾದ ರಿಮ್ಮನ್ನೂ ಪೇಟೆಂಟ್ ಮಾಡಿಸಿದರು. ಅದೇ ವರ್ಷ ವಿಲಿಯಂ ಬಾರ್ಟ್‌ಲೆಟ್ ರಿಮ್ಮಿನ ಮಡಿಕೆಯೊಳಗೆ ಅಂಚು ಸಿಕ್ಕಿಸುವ ಇನ್ನೊಂದು ಬಗೆ ತಂದರು. ಡು ಕ್ರಾಸ್ ಇಂಥ ಪೇಟೆಂಟುಗಳನ್ನು ಕೊಂಡು ಕಂಪನಿಯನ್ನು ನಿಲ್ಲಿಸಿದರು. ನಮ್ಮ ಪಂಚರ್ ಅಂಗಡಿಯವರು ಎರಡು ಕಬ್ಬಿಣದ ಪಟ್ಟಿ ತೂರಿಸಿ ಅರ್ಧ ನಿಮಿಷದಲ್ಲಿ ಟೈರು ಬಿಚ್ಚುತ್ತಾರಲ್ಲ, ಅದು ಸಾಧ್ಯವಾದದ್ದು ವೆಲ್ಚ್ ಅವರ ತಂತಿಯಂಚಿನಿಂದ.

ಫ್ರಾನ್ಸಿನಲ್ಲೂ ಇದೇ ಕಥೆ. 1889ರಲ್ಲಿ ಕ್ಲೆರ್ಮಾಂ ಫೆರಾಂ ಊರಿನ ಮಿಷೆಲಿನ್ ಸಹೋದರರ ರಬ್ಬರ್ ಕಾರ್ಖಾನೆಗೆ ಒಬ್ಬ ಸವಾರ ಪಂಚರ್ ಆದ ಡನ್ಲಪ್ ಟೈರು ತಂದ. ರಿಪೇರಿಗೆ ಹಿಡಿದ ಹೊತ್ತು ನೋಡಿ ಅವರಿಗೆ ತಲೆ ಕೆಟ್ಟಿತು, ಜೊತೆಗೆ ಅವಕಾಶವೂ ಕಂಡಿತು. 1891ರಲ್ಲಿ ಕಳಚಬಹುದಾದ ಟೈರಿನ ಪೇಟೆಂಟ್ ಪಡೆದರು. ಅದೇ ಸೆಪ್ಟೆಂಬರಿನಲ್ಲಿ ಸುಮಾರು 1,200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ರೇಸನ್ನು ಷಾರ್ಲ್ ತೆರಾಂ ಆ ಟೈರುಗಳ ಮೇಲೆ 72 ಗಂಟೆಯೊಳಗೆ ಮುಗಿಸಿ ಗೆದ್ದರು. ಅದಾದ ಮೇಲೆ ಮಿಷೆಲಿನ್‌ನವರು ತಾವೇ ಒಂದು ರೇಸು ಏರ್ಪಡಿಸಿ ದಾರಿಯಲ್ಲಿ ಬೇಕಂತಲೇ ಮೊಳೆ ಚೆಲ್ಲಿದರು. ಪಂಚರ್ ಆಗುವುದಿಲ್ಲ ಎಂದು ತೋರಿಸಲು ಅಲ್ಲ, ಆದರೂ ಪರವಾಗಿಲ್ಲ ಎಂದು ತೋರಿಸಲು.

ಇಷ್ಟು ಹೊತ್ತಿಗೆ ಡನ್ಲಪ್ ಎಲ್ಲಿದ್ದರು? ಡಬ್ಲಿನ್ನಿಗೆ ಮನೆ ಬದಲಿಸಿ, ಬರಬರುತ್ತಾ ಕಂಪನಿಯಿಂದ ದೂರ ಸರಿದಿದ್ದರು. 1890ರ ದಶಕದ ಮಧ್ಯದಲ್ಲಿ ಹುದ್ದೆ ಬಿಟ್ಟು ಷೇರುಗಳನ್ನೂ ಮಾರಿಬಿಟ್ಟರು. ಆಮೇಲೇ ನೋಡಿ ದುಡ್ಡಿನ ಮಳೆ. 1896ರಲ್ಲಿ ಟೆರಾ ಹೂಲಿ ಎಂಬ ಷೇರು ವ್ಯವಹಾರಗಾರ ಕಂಪನಿಯನ್ನು 30 ಲಕ್ಷ ಪೌಂಡಿಗೆ ಕೊಂಡು, ಅದೇ ವರ್ಷ 50 ಲಕ್ಷ ಪೌಂಡಿಗೆ ಮಾರುಕಟ್ಟೆಗೆ ಬಿಟ್ಟ. ಹೊಸ ಕಂಪನಿಯ ಹೆಸರಿನಲ್ಲಿ ಡನ್ಲಪ್ ಇತ್ತು, ಕಂಪನಿಯಲ್ಲಿ ಡನ್ಲಪ್ ಇರಲಿಲ್ಲ. ಹಾಗಂತ ಅವರು ಬಡವರಾಗಿ ಏನೂ ಉಳಿಯಲಿಲ್ಲ. ಡಬ್ಲಿನ್‌ನಲ್ಲಿ ಒಂದು ಬಟ್ಟೆ ವ್ಯಾಪಾರದಲ್ಲಿ ಪಾಲುಗಾರರಾಗಿ ನೆಮ್ಮದಿಯಾಗಿಯೇ ಇದ್ದರು. ಆದರೆ ತಮ್ಮ ಹೆಸರಿನಲ್ಲಿ ಬೆಳೆದ ಸಂಪತ್ತಿನಲ್ಲಿ ಅವರ ಕೈಗೆ ಬಂದದ್ದು ಬಹಳ ಸಣ್ಣ ಪಾಲು.

ಹೆಸರು ಹೋದದ್ದಕ್ಕಿಂತ ಮುಖ ಹೋದದ್ದು ಅವರನ್ನು ಹೆಚ್ಚು ನೋಯಿಸಿತು. ಕಂಪನಿಯ ಜಾಹೀರಾತುಗಳಲ್ಲಿ ಅವರ ಗಡ್ಡದ ಮುಖಕ್ಕೆ ಎತ್ತರದ ಟೋಪಿ, ಕೈಗೆ ಬೆತ್ತ ಕೊಟ್ಟು, ಥಳುಕಿನ ಶೋಕಿವಾಲನ ಹಾಗೆ ಚಿತ್ರಿಸತೊಡಗಿದರು. ಸರಳವಾಗಿ ಬದುಕಿದ ಮುದುಕರಿಗೆ ಇದು ಅವಮಾನ ಅನ್ನಿಸಿತು. ತಮ್ಮದೇ ಹೆಸರಿನ ಕಂಪನಿಯ ಮೇಲೆ ಕೋರ್ಟಿಗೆ ಹೋದರು. ಡನ್ಲಪ್ ವಿರುದ್ಧ ಡನ್ಲಪ್. 1921ರ ಅಕ್ಟೋಬರಿನಲ್ಲಿ ಸಣ್ಣದೊಂದು ಥಂಡಿ ಹತ್ತಿತು, 23ರಂದು ಡಬ್ಲಿನ್‌ನ ಮನೆಯಲ್ಲಿ ತೀರಿಕೊಂಡರು. ಟೈರಿನ ಇತಿಹಾಸದ ಬಗ್ಗೆ ಅವರು ಬರೆದಿಟ್ಟಿದ್ದನ್ನು ಮಗಳು ಜೀನ್ ಆಮೇಲೆ ಪುಸ್ತಕವಾಗಿ ಹೊರತಂದರು. ಅವರ ಮೊದಲ ಸೈಕಲ್ ಟೈರು ಎಡಿನ್‌ಬರೋದ ಮ್ಯೂಸಿಯಮ್ಮಿನಲ್ಲಿದೆ.

ಡನ್ಲಪ್ ಹೆಸರು ನಮ್ಮ ದೇಶಕ್ಕೂ ಬಂತು. 1936ರಲ್ಲಿ ಪಶ್ಚಿಮ ಬಂಗಾಳದ ಸಾಹಾಗಂಜಿನಲ್ಲಿ ಡನ್ಲಪ್ ಕಾರ್ಖಾನೆ ತೆರೆಯಿತು. ನಮ್ಮ ಅಪ್ಪಂದಿರ ಕರೀ ಸೈಕಲ್ಲಿನ ಗಾಳಿ ಹೊಡೆಯುವ ಜಾಗ ನೆನಪಿದೆಯಾ? ವಾಲ್ ಟ್ಯೂಬ್ ಅಂತ ಪುಟಾಣಿ ರಬ್ಬರ್ ಕೊಳವೆ ಇರುತ್ತಲ್ಲ, ಆ ಬಗೆಯ ವಾಲ್ವಿಗೆ ಇವತ್ತಿಗೂ ಡನ್ಲಪ್ ವಾಲ್ವ್ ಎಂದೇ ಹೆಸರು. ಆದರೆ ಅದು ಡನ್ಲಪ್ ಅವರ ಕೆಲಸವಲ್ಲ, ವುಡ್ಸ್ ಎಂಬವರದ್ದು. ಥಾಮ್ಸನ್ ಮೊದಲು ಮಾಡಿದ್ದಕ್ಕೂ ವುಡ್ಸ್ ಆಮೇಲೆ ಮಾಡಿದ್ದಕ್ಕೂ ಡನ್ಲಪ್ ಅಂತಲೇ ಹೆಸರು. ಹೆಸರಿಗೆ ಕಾರಣರಾದವರಿಗೆ ಮಾತ್ರ ಅದರ ಮೇಲೆ ಹಿಡಿತ ಇರಲಿಲ್ಲ.

ಈಗ ಮತ್ತೆ ಪಂಚರ್ ಅಂಗಡಿಯ ಮುಂದೆ ನಿಂತ ನಮ್ಮ ಪ್ರಶ್ನೆಗೆ ಬರೋಣ. ಪೇಟೆಯಲ್ಲಿ ದಿನಾ ಓಡಾಡಲು ಪಂಚರ್ ತಡೆಯುವ ಟೈರು ಬೇಕು ಅಂತಿಟ್ಟುಕೊಳ್ಳಿ. ಅಂಗಳದ ಪ್ರಯೋಗ ನೆನಪಿದ್ದರೆ ಆಯ್ಕೆ ಅರ್ಥವಾಗುತ್ತದೆ. ಇಂಥ ಟೈರುಗಳೆಲ್ಲ ಮಾಡುವುದು ಒಂದೇ ಕೆಲಸ: ರಸ್ತೆಗೂ ಟ್ಯೂಬಿಗೂ ನಡುವೆ ಏನಾದರೂ ಸೇರಿಸುವುದು. ಸೇರಿಸಿದಷ್ಟೂ ತೂಕ ಏರುತ್ತದೆ, ಓಟ ಸ್ವಲ್ಪ ಜಡವಾಗುತ್ತದೆ.

ಸೇರಿಸುವುದರಲ್ಲಿ ಎರಡು ದಾರಿ. ಒಂದು, ಗಟ್ಟಿ ನೂಲಿನ ಪಟ್ಟಿ. 1965ರಲ್ಲಿ ಸ್ಟೆಫನಿ ಕ್ವಾಲೆಕ್ ಡುಪಾಂಟ್ ಕಂಪನಿಯ ಲ್ಯಾಬಿನಲ್ಲಿ ಕಂಡುಹಿಡಿದ ಕೆವ್ಲಾರ್, ಅದರಂಥ ಇನ್ನೂ ಕೆಲವು ನೂಲುಗಳು. ತೆಳ್ಳಗಿದ್ದರೂ ಕುಯ್ಯಲು ಕಷ್ಟ, ಆದ್ದರಿಂದ ಗಾಜಿನ ಚೂರಿಗೆ ಒಳ್ಳೆಯ ತಡೆ. ಆದರೆ ಉದ್ದನೆಯ ಜಾಲಿ ಮುಳ್ಳೋ ಸಣ್ಣ ತಂತಿಯೋ ನೂಲುಗಳ ಸಂದಿಯಲ್ಲಿ ನುಸುಳಬಹುದು. ಇನ್ನೊಂದು, ದಪ್ಪ ರಬ್ಬರಿನ ಪದರ. ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಪ್ಲಸ್ ಟೈರಿನಲ್ಲಿ ಇಂಥ ಪದರ 5 ಮಿಲಿಮೀಟರ್ ದಪ್ಪ ಇದೆ. ಮುಳ್ಳಿನ ಮೊನೆ ಟ್ಯೂಬಿಗೆ ಮುಟ್ಟುವುದೇ ಇಲ್ಲ, ಅದೇ ಅದರ ಗುಟ್ಟು. ಬೆಲೆ ತೂಕದಲ್ಲಿ ಕೊಡಬೇಕು. ದಿನಕ್ಕೆ ನಾಲ್ಕೈದು ಕಿಲೋಮೀಟರ್, ಮುಳ್ಳು ಮೊಳೆ ಇರುವ ದಾರಿ ಅಂದ್ರೆ ದಪ್ಪದ್ದು ಸರಿ. ಭಾನುವಾರ ಐವತ್ತು ಕಿಲೋಮೀಟರ್ ಹೋಗೋರು ನೂಲಿನ ಪಟ್ಟಿಯದ್ದು ನೋಡಬಹುದು.

ಮೋಸ ಹೋಗುವ ಜಾಗ ಒಂದಿದೆ. ಕೆಲವು ಟೈರಿನ ಮೇಲೆ ಕೆವ್ಲಾರ್ ಬೀಡ್ ಅಂತ ಬರೆದಿರುತ್ತದೆ. ವೆಲ್ಚ್ ಅವರ ತಂತಿಯ ಬದಲು ಅಂಚಿನಲ್ಲಿ ಕೆವ್ಲಾರ್ ಇದೆ, ಟೈರನ್ನು ಮಡಚಬಹುದು ಎಂದಷ್ಟೇ ಅದರ ಅರ್ಥ. ನೆಲಕ್ಕೆ ತಾಗುವ ಭಾಗಕ್ಕೆ ಅದರಿಂದ ರಕ್ಷಣೆ ಏನೂ ಇಲ್ಲ. ಇನ್ನು ಅಳತೆ. ಟೈರಿನ ಪಕ್ಕದಲ್ಲಿ 37-622 ಎಂಬಂಥ ಸಂಖ್ಯೆ ಇರುತ್ತದೆ. ಮೊದಲನೆಯದು ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಎರಡನೆಯದು ನಿಮ್ಮ ರಿಮ್ಮಿಗೆ ಸರಿಯಾಗಿ ಹೊಂದಲೇಬೇಕು.

ಗಾಳಿ ಕಡಿಮೆ ಇಟ್ಟು ಓಡಿಸಿದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತಾಗುತ್ತದೆ. ಅದನ್ನು ಯಾವ ಕೆವ್ಲಾರೂ ತಡೆಯಲ್ಲ, ವಾರಕ್ಕೊಮ್ಮೆ ಗಾಳಿ ಹೊಡೆಯುವುದೇ ಮದ್ದು. ಹೆಚ್ಚು ಭಾರ ಹೊರುವುದೂ ಹೆಚ್ಚು ಪಂಚರ್ ಆಗುವುದೂ ಹಿಂದಿನ ಚಕ್ರವೇ. ಒಂದೇ ಒಳ್ಳೆ ಟೈರಿಗೆ ದುಡ್ಡಿದ್ದರೆ ಹಿಂದಕ್ಕೆ ಹಾಕಿ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬಟ್ಟೆ ಆಡಿಸಿ ನೋಡಿ, ಹಳೇ ಮುಳ್ಳು ಅಲ್ಲೇ ಕೂತಿರಬಹುದು.

ಅಷ್ಟು ರಗಳೆಯೇ ಬೇಡ, ಗಾಳಿಯೇ ಇಲ್ಲದ ಟೈರು ಕೊಡಿ ಅಂದರೆ ಅದೂ ಸಿಗುತ್ತದೆ. ಬಾಡಿಗೆಗೆ ಬಿಡುವ ಕೆಲವು ಸೈಕಲ್ಲುಗಳಲ್ಲಿ ನೋಡಿರುತ್ತೀರಿ. ಒಮ್ಮೆ ಹತ್ತಿ, ನಮ್ಮ ಹಾಸ್ಟೆಲ್ ರಸ್ತೆಯ ಹಂಪುಗಳ ಮೇಲೆ ಒಂದು ಸುತ್ತು ಹೊಡೆದು ಬನ್ನಿ. 1887ರಲ್ಲಿ ಜಾನಿಗೆ ಅವನ ಟ್ರೈಸಿಕಲ್ಲಿನ ಮೇಲೆ ಹೇಗಾಗುತ್ತಿತ್ತು ಎಂಬುದು ಸೊಂಟಕ್ಕೇ ಗೊತ್ತಾಗುತ್ತದೆ. ಆಮೇಲೆ ಪಂಚರ್ ಅಂಗಡಿಯಲ್ಲಿ ಕಾಯುವ ಹತ್ತು ನಿಮಿಷ ಅಷ್ಟೇನೂ ದುಬಾರಿ ಅನ್ನಿಸಲಿಕ್ಕಿಲ್ಲ.